ಸಾಸವಡದಿಂದ ಜೇಜುರಿಗೆ: ಒಂದು ಕನ್ನಡದ ಕೂಗು

ಪುಣೆಯಿಂದ ದಿವೆ ಘಾಟಿನ ಮೂಲಕ ಸುಮಾರು 30 ಕಿ.ಮೀ. ಸಾಗಿದರೆ ಕರ್ಹಾ ನದಿಯ ದಡದಲ್ಲಿ ಸಾಸವಡ. ಶನಿವಾರ ಬೆಳಿಗ್ಗೆ ಮಗಳೊಡನೆ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯನ್ನೂ ಸಂಗಮೇಶ್ವರನ ಗುಡಿಯನ್ನೂ ಕಂಡು ಪುರಂದರ ಗಡದತ್ತ ನಡೆದೆ. 1665ರಲ್ಲಿ ಮಿರ್ಜಾ ರಾಜಾ ಜಯಸಿಂಗನ ಮುತ್ತಿಗೆಯನ್ನು ಎದುರಿಸುತ್ತ ಮುರಾರಬಾಜಿ ಮಡಿದದ್ದು ಅಲ್ಲಿಯೇ. ಆ ಜೂನ್ 11ರ ಒಪ್ಪಂದದಲ್ಲಿ ಶಿವಾಜಿ 23 ಕೋಟೆಗಳನ್ನು ಮೊಗಲರಿಗೊಪ್ಪಿಸಿ 12ನ್ನು ಉಳಿಸಿಕೊಂಡ. ಗೆಲುವಿನ ಕಥೆಗಳಿಗಿಂತ ಈ ಕಠಿಣ ಲೆಕ್ಕಾಚಾರವೇ ನನ್ನನ್ನು ಹೆಚ್ಚು ಕಾಡುತ್ತದೆ.

ಮಗಳಿಗೆ ಇದೆಲ್ಲ ಶಾಲೆಯ ಪಾಠ. ಆಕೆ ಕೇಳಿದ್ದೂ ನುಡಿದದ್ದೂ ಮರಾಠಿಯಲ್ಲಿ. ಮನೆಯಲ್ಲೂ ಕನ್ನಡದ ಪ್ರಶ್ನೆಗೆ ಮರಾಠಿಯ ಉತ್ತರ ಬರತೊಡಗಿ ಎರಡು ವರ್ಷವಾಯಿತು.

ಭಾನುವಾರ ಜೇಜುರಿಯ ಮೆಟ್ಟಿಲುಗಳಲ್ಲಿ ಭಂಡಾರದ ಹಳದಿ ಹಾರುತ್ತಿತ್ತು. ‘ಯೇಳಕೋಟ್ ಯೇಳಕೋಟ್ ಜಯ ಮಲ್ಹಾರ್’ ಎಂಬ ಕೂಗು ಮೊಳಗುತ್ತಿತ್ತು. ಇಲ್ಲಿನ ಖಂಡೋಬನೇ ನಮ್ಮ ಮೈಲಾರಲಿಂಗ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವರು ಕೂಗುವ ‘ಏಳು ಕೋಟಿ’ಯೇ ಇಲ್ಲಿ ಯೇಳಕೋಟ್ ಆಗಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಕಥೆಯಂತೆ ದೇವರ ದಂಡಿನ ಸಂಖ್ಯೆಯದು.

‘ಅಪ್ಪಾ, ಏಳು ಕೋಟೆ ಅಂತಾನಾ?’ ಮಗಳು ಕೇಳಿದಳು, ಕನ್ನಡದಲ್ಲಿ.

‘ಕೋಟೆ ನಿನ್ನೆಯದು, ಮಗಳೇ. ಇದು ಕೋಟಿ.’

ಆಕೆ ನಕ್ಕು, ಪಕ್ಕದಲ್ಲಿ ಮೆಟ್ಟಿಲೇರುತ್ತಿದ್ದ ಅಜ್ಜಿಯೊಬ್ಬರಿಗೆ ಅದನ್ನೇ ಮರಾಠಿಯಲ್ಲಿ ವಿವರಿಸತೊಡಗಿದಳು.