ಹಳಿಯ ಆ ತುದಿ, ಈ ತುದಿ



ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಬಸ್ಸು ಹತ್ತಿದವರು ಹೊಟಗಿ ಜಂಕ್ಷನ್ನಿನ ಹೆಸರು ಕೇಳಿರುತ್ತೀರಿ. 1876-78ರ ಬರದಲ್ಲಿ ಈ ಸೀಮೆಗೆ ಧಾನ್ಯ ತರಲು ದಾರಿಯೇ ಇರಲಿಲ್ಲ. ಆ ಅನುಭವದಿಂದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೊಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಳಿ ಹಾಕಿತು. 1884ರಲ್ಲಿ ಇಲ್ಲಿ ರೈಲು ಓಡಿತು. ಮೂರು ದಶಕಗಳ ನಂತರ ಇದೇ ಅಳತೆಯ ಹಳಿ, ಇದೇ ಬಗೆಯ ಕೂಲಿಕಾರರು ಸಮುದ್ರ ದಾಟಿದರು.

1914ರ ನವೆಂಬರಿನಲ್ಲಿ ಬ್ರಿಟನ್‌ಗೂ ತುರ್ಕಿಗೂ ಯುದ್ಧ ಹತ್ತಿತು. ಭಾರತದ ಸೈನ್ಯ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಹೋಯಿತು. ಮೊದಲು ಹೋದದ್ದು 6ನೇ ಪೂನಾ ಡಿವಿಜನ್. ಅದರಲ್ಲಿ 103, 110, 117ನೇ ಮರಾಠಾ ಪಲ್ಟನ್ನುಗಳಿದ್ದವು; ಇವುಗಳ ವಾರಸುದಾರ ರೆಜಿಮೆಂಟಿನ ಕೇಂದ್ರ ಈಗ ಬೆಳಗಾವಿಯಲ್ಲಿದೆ. 1915ರ ನವೆಂಬರಿನಲ್ಲಿ ಬಾಗ್ದಾದಿನ ಹೊಸ್ತಿಲವರೆಗೆ ಹೋಗಿ ಹಿಮ್ಮೆಟ್ಟಿದ ಈ ಸೈನ್ಯ ಕುತ್ ಎಂಬ ಊರಿನಲ್ಲಿ ಸಿಕ್ಕಿಬಿದ್ದಿತು. ಸುಮಾರು ಐದು ತಿಂಗಳ ಮುತ್ತಿಗೆ. ಕುದುರೆಗಳನ್ನು ಕೊಯ್ದು ತಿನ್ನುವ ಹಸಿವು. 1916ರ ಏಪ್ರಿಲ್ 29ರಂದು ಶರಣಾದವರು ಸುಮಾರು 13,000. ಅವರಲ್ಲಿ ಹತ್ತು ಸಾವಿರದಷ್ಟು ಮಂದಿ ಭಾರತೀಯರು. ಬಂದೂಕು ಹಿಡಿದವರಷ್ಟೇ ಅಲ್ಲ. ಅಡಿಗೆಯವರು, ನೀರು ಹೊರುವವರು, ಹೇಸರಗತ್ತೆ ನಡೆಸುವವರು ಕೂಡ.

ಬಾಗ್ದಾದಿನಿಂದ ಸಮಾರಾವರೆಗೆ ರೈಲು. ಮುಂದೆ ಮೊಸೂಲ್ ದಾಟಿ ರಾಸ್ ಅಲ್-ಐನ್‌ವರೆಗೆ ಮರಳುಗಾಡಿನಲ್ಲಿ ನಡಿಗೆ. ಅಲ್ಲಿ ಜರ್ಮನರ ನೆರವಿನಿಂದ ಬಾಗ್ದಾದ್ ರೈಲ್ವೆಯ ಕೆಲಸ ನಡೆದಿತ್ತು. ಸಿಪಾಯಿಗಳ ಕೈಗೆ ಗುದ್ದಲಿ ಬಂತು. ಹಸಿವು, ಆಮಶಂಕೆ, ಟೈಫಸ್ ಜ್ವರ. ನುಸೈಬಿನ್ ಕಡೆಗೆ ಬೆಳೆದ ಆ ಹಳಿಯ ಪಕ್ಕದಲ್ಲೇ ಎಷ್ಟೋ ಜನ ಮಣ್ಣಾದರು. ಈ ಕಷ್ಟವನ್ನು ನಮಗೆ ತಿಳಿಸಿದವರಲ್ಲಿ ಒಬ್ಬರು ಬೆಂಗಾಲ್ ಆಂಬುಲೆನ್ಸ್ ಕೋರ್‌ನ ಶಿಶಿರ್ ಪ್ರಸಾದ್ ಸರ್ಬಾಧಿಕಾರಿ. ಕುತ್‌ನಲ್ಲಿ ಸೆರೆಸಿಕ್ಕು ರಾಸ್ ಅಲ್-ಐನ್‌ನ ಆಸ್ಪತ್ರೆಯಲ್ಲಿ ದುಡಿದ ಇವರು ಬಂಗಾಳಿಯಲ್ಲಿ ‘ಅಭಿ ಲೇ ಬಾಗ್ದಾದ್’ ಬರೆದರು. ಓದು ಬಲ್ಲವರೊಬ್ಬರು ಅಲ್ಲಿದ್ದರೆಂಬುದು ನಮ್ಮ ಭಾಗ್ಯ. ಉಳಿದವರು ಬರೆಯಬಲ್ಲವರಾಗಿದ್ದರೆ ನಮ್ಮ ಇತಿಹಾಸ ಪುಸ್ತಕ ಬೇರೆಯೇ ಇರುತ್ತಿತ್ತು.

ಈಗ ರಣರಂಗದ ದಕ್ಷಿಣದ ತುದಿಗೆ ಬನ್ನಿ. ಕುತ್ ಸೋಲಿಗೆ ಒಂದು ದೊಡ್ಡ ಕಾರಣ ಸಾಗಾಣಿಕೆ. ಟೈಗ್ರಿಸ್ ನದಿಯ ದೋಣಿಗಳನ್ನೇ ನಂಬಿದ ಸೈನ್ಯಕ್ಕೆ ಅನ್ನವೂ ಮದ್ದೂ ಸಾಲದೆ ಹೋದವು. ಆದ್ದರಿಂದ ಬ್ರಿಟಿಷರು ಭಾರತದ ಹಳಿ, ಇಂಜಿನು, ರೈಲ್ವೆ ಕೆಲಸಗಾರರನ್ನು ಹಡಗಿಗೆ ಹೇರಿ ಬಸ್ರಾಕ್ಕೆ ಕಳಿಸಿದರು. ಗ್ಯಾಂಗಿನಲ್ಲಿ ದುಡಿದವನು ಸೈನ್ಯದ ಹಾಜರಿ ಪುಸ್ತಕಕ್ಕೆ ಸೇರಿದ. 1916ರ ಕೊನೆಗೆ ಬಸ್ರಾದಿಂದ ನಾಸಿರಿಯಾಕ್ಕೆ ಮೀಟರ್ ಗೇಜ್ ರೈಲು ಓಡಿತು. ಗಮನಿಸಿ: ಇದರ ಅಗಲ 1,000 ಮಿಲಿಮೀಟರ್, ಬಾಗ್ದಾದ್ ರೈಲ್ವೆಯದು 1,435. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಆದರೆ ಎರಡನ್ನೂ ಹಾಸಿದ ಕೈಗಳಲ್ಲಿ ನಮ್ಮವರವೂ ಇದ್ದವು, ಒಂದು ಕಡೆ ಸಂಬಳಕ್ಕೆ, ಇನ್ನೊಂದು ಕಡೆ ಸೆರೆಯಲ್ಲಿ.

ಸತ್ತವರ ಲೆಕ್ಕ? 1929ರಲ್ಲಿ ತೆರೆದ ಬಸ್ರಾ ಸ್ಮಾರಕದಲ್ಲಿ, ಸಮಾಧಿ ಸಿಗದ 40,000ಕ್ಕೂ ಹೆಚ್ಚು ಮಂದಿಯ ನೆನಪಿದೆ. ಬ್ರಿಟಿಷ್ ಸಿಪಾಯಿಗೆ ಅಲ್ಲಿ ಹೆಸರು ಸಿಕ್ಕಿತು. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು. ಉಳಿದವರು ಪಲ್ಟನ್ನಿನ ಕೆಳಗೆ ಬರೆದ ಒಂದು ಅಂಕೆ. ಈ ತಾರತಮ್ಯಕ್ಕೆ ಜನಾಂಗ ಭೇದವೂ ಕಾರಣವೆಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವರದಿ ಒಪ್ಪಿಕೊಂಡದ್ದು 2021ರಲ್ಲಿ.

ಭಾರತದ ಅನೇಕ ಹಳ್ಳಿಗಳಲ್ಲಿ ಆ ಕಾಲದ ಚಿಕ್ಕ ಕಲ್ಲುಹಲಗೆಗಳಿವೆ: ಊರಿನಿಂದ ಯುದ್ಧಕ್ಕೆ ಹೋದವರು ಇಷ್ಟು, ಮರಳದವರು ಇಷ್ಟು. ಅಲ್ಲಿಯೂ ಬರೀ ಅಂಕೆ. ನಿಮ್ಮ ಊರ ಚಾವಡಿಯ ಗೋಡೆಯಲ್ಲಿ ಅಂಥ ಹಲಗೆ ಇದ್ದರೆ, ಸುಣ್ಣ ಬಳಿಯುವ ಮೊದಲು ಅದನ್ನು ಓದಿ ಬರೆದಿಡಿ. ಆ ಅಂಕೆಯ ಹಿಂದಿನ ಮನೆತನಗಳ ಹೆಸರು ಊರ ಹಿರಿಯರನ್ನು ಕೇಳಿ.