ದಯೆಯಿಂದ ಹಕ್ಕಿಗೆ: ಅಮೆರಿಕದ ಒಂಟಿ ತಾಯಂದಿರು ಮತ್ತು ಕಲ್ಯಾಣ ನೀತಿಯ ಚರಿತ್ರೆ

ಕಲ್ಯಾಣ ನೀತಿಯ ಚರಿತ್ರೆ ಬಹುಕಾಲ ಶಾಸನ ರೂಪಿಸಿದವರ ಚರಿತ್ರೆಯಾಗಿತ್ತು. ನೆರವು ಪಡೆದ ಹೆಂಗಸರು ಅದರಲ್ಲಿ ಬರಿಯ ಅಂಕಿಸಂಖ್ಯೆಗಳಾಗಿದ್ದರು. ಲಿಂಡಾ ಗಾರ್ಡನ್ (1994) ಮತ್ತು ಪ್ರೆಮಿಲ್ಲಾ ನಾಡಾಸೆನ್ (2005) ಅವರ ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ಈ ನೋಟ ಬದಲಾಗುತ್ತದೆ. ಫಲಾನುಭವಿಗಳು ನೀತಿಯನ್ನು ವಿಮರ್ಶಿಸಿದ, ತಿದ್ದಿದ ಚಿಂತಕರೂ ಆಗಿದ್ದರು ಎಂಬುದು ಈ ಲೇಖನದ ವಾದ.

ಒಂಟಿ ತಾಯಂದಿರ ನೆರವು ಕೀಳೆನಿಸಿದ ಸಮಸ್ಯೆಯ ಬೇರನ್ನು ಗಾರ್ಡನ್ 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಗುರುತಿಸುತ್ತಾರೆ. ವೃದ್ಧಾಪ್ಯ ವಿಮೆ ಮತ್ತು ನಿರುದ್ಯೋಗ ವಿಮೆ ದುಡಿದವರ ಹಕ್ಕೆನಿಸಿದವು. ಒಂಟಿ ತಾಯಂದಿರ ಮಕ್ಕಳಿಗೆ ಕೊಟ್ಟ ನೆರವಾದರೋ ಬಡತನದ ತಪಾಸಣೆಗೆ ಒಳಪಟ್ಟ ದಾನವಾಯಿತು. ಮೊದಲ ಮಗುವಿಗೆ ತಿಂಗಳಿಗೆ 18 ಡಾಲರ್, ನಂತರದ ಪ್ರತಿ ಮಗುವಿಗೆ 12 ಡಾಲರ್‌ವರೆಗಿನ ಮೊತ್ತಕ್ಕೆ ಮಾತ್ರ ಕೇಂದ್ರದ ಪಾಲು ಸಿಗುತ್ತಿತ್ತು. ತಾಯಿಯ ಹೊಟ್ಟೆಪಾಡಿಗೆ 1950ರವರೆಗೆ ಅದರಲ್ಲಿ ಲೆಕ್ಕವೇ ಇರಲಿಲ್ಲ. ಮನೆಗೆಲಸದವರನ್ನೂ ಕೃಷಿ ಕೂಲಿಗಳನ್ನೂ ವಿಮೆಯಿಂದ ಹೊರಗಿಟ್ಟಿದ್ದರಿಂದ ಬಹುಪಾಲು ಕಪ್ಪು ಮಹಿಳೆಯರಿಗೆ ದುಡಿದವರ ಈ ಹಕ್ಕೂ ದಕ್ಕಲಿಲ್ಲ. ಗಂಡಸಿನ ಸಂಬಳವೇ ಸಂಸಾರದ ಆಧಾರವೆಂಬ ನಂಬಿಕೆ ಈ ವಿಂಗಡಣೆಯ ಹಿಂದಿತ್ತು. ಆ ವಿಂಗಡಣೆಯನ್ನು ರೂಪಿಸಿದವರಲ್ಲಿ ಕೇಂದ್ರ ಸರ್ಕಾರದ ಮಕ್ಕಳ ಬ್ಯೂರೋದ ಸುಧಾರಕ ಮಹಿಳೆಯರೂ ಇದ್ದರೆಂಬುದು ಗಾರ್ಡನ್ ಅವರ ಮಹತ್ವದ ಶೋಧ.

ಈ ದಾನವನ್ನು ಹಕ್ಕಾಗಿಸಲು ಹೊರಟವರ ಕಥೆ ನಾಡಾಸೆನ್ ಅವರದು. ಲಾಸ್ ಏಂಜಲೀಸ್‌ನ ವಾಟ್ಸ್‌ನಲ್ಲಿ ಜಾನಿ ಟಿಲ್ಮನ್ 1963ರಲ್ಲಿ ತಾಯಂದಿರ ಸಂಘ ಕಟ್ಟಿದರು. ಆರು ಮಕ್ಕಳ ಈ ತಾಯಿ ಲಾಂಡ್ರಿಯಲ್ಲಿ ದುಡಿದವರು. ಮುಂದೆ ಅವರು ರಾಷ್ಟ್ರೀಯ ಕಲ್ಯಾಣ ಹಕ್ಕುಗಳ ಸಂಘಟನೆಯ ಅಧ್ಯಕ್ಷೆಯಾದರು. ಮಕ್ಕಳನ್ನು ಸಾಕುವುದೂ ದುಡಿಮೆಯೇ, ಅದಕ್ಕೆ ಸಮಾಜ ಬೆಲೆ ಕೊಡಬೇಕು ಎಂದು 1972ರಲ್ಲಿ ‘ಮಿಸ್’ (Ms.) ಎಂಬ ಸ್ತ್ರೀವಾದಿ ಪತ್ರಿಕೆಯಲ್ಲಿ ವಾದಿಸಿದರು. ಅದೇ ವರ್ಷ ಸಂಘಟನೆಯ ಆಡಳಿತ ಚುಕ್ಕಾಣಿಯೂ ಅವರ ಕೈಗೆ ಬಂತು.

ಅದೇ ಕಾಲದಲ್ಲಿ ನ್ಯಾಯಾಲಯಗಳೂ ಈ ಹಕ್ಕಿಗೆ ಆಕಾರ ಕೊಟ್ಟವು. ತಾಯಿಗೆ ಪುರುಷ ಸಂಗಾತಿಯಿದ್ದಾನೆಂದು ಮಕ್ಕಳ ನೆರವು ಕಡಿಯುತ್ತಿದ್ದ ಅಲಬಾಮಾದ ನಿಯಮವನ್ನು ಸುಪ್ರೀಂ ಕೋರ್ಟ್ 1968ರಲ್ಲಿ ತಳ್ಳಿಹಾಕಿತು. ನೆರವು ನಿಲ್ಲಿಸುವ ಮುನ್ನ ವಿಚಾರಣೆ ನಡೆಸಲೇಬೇಕೆಂದು 1970ರ ಗೋಲ್ಡ್‌ಬರ್ಗ್–ಕೆಲ್ಲಿ ತೀರ್ಪು ವಿಧಿಸಿತು. ಆದರೆ ಖಾತರಿ ಆದಾಯದ ಪ್ರಶ್ನೆಯಲ್ಲಿ ಜಯ ಸಿಗಲಿಲ್ಲ. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 1,600 ಡಾಲರ್ ಕೊಡುವ ಅಧ್ಯಕ್ಷ ನಿಕ್ಸನ್ ಅವರ ಯೋಜನೆಗೆ ಎದುರಾಗಿ ಸಂಘಟನೆ 5,500 ಡಾಲರ್ ಕೇಳಿತು. ಆ ಯೋಜನೆ ಸೆನೆಟ್ ದಾಟಲಿಲ್ಲ. 1975ರಲ್ಲಿ ಸಂಘಟನೆಯೂ ಮುಚ್ಚಿತು.

ಈ ಸೋಲನ್ನೇ ಮುಂದಿಟ್ಟು ಚಳವಳಿಯನ್ನು ಅಳೆಯುವುದು ತಪ್ಪು; ಅದು ಎತ್ತಿದ ಪ್ರಶ್ನೆ ಮುಂದೆಯೂ ಉಳಿಯಿತು. 1996ರ ಕಲ್ಯಾಣ ಸುಧಾರಣಾ ಕಾನೂನು ನೆರವಿನ ಖಾತರಿಯನ್ನು ರದ್ದುಗೊಳಿಸಿ, ಕೇಂದ್ರದ ಹಣದಿಂದ ಸಿಗುವ ನೆರವಿಗೆ ಒಟ್ಟು 60 ತಿಂಗಳ ಮಿತಿ ಹೇರಿ, ಸ್ವಂತ ಮಕ್ಕಳ ಪಾಲನೆಯನ್ನು ದುಡಿಮೆಯೆಂದು ಎಣಿಸದೆ ಹೋಯಿತು. ಟಿಲ್ಮನ್ ಪ್ರಶ್ನಿಸಿದ್ದು ಇದೇ ಎಣಿಕೆಯನ್ನು. ಆದ್ದರಿಂದ ಕಲ್ಯಾಣ ನೀತಿಯನ್ನು ಅಧ್ಯಯನ ಮಾಡುವವರು ಇಲಾಖೆಯ ಕಡತಗಳ ಜೊತೆಗೆ ಫಲಾನುಭವಿಗಳ ಮನವಿ, ಭಾಷಣ, ಸಂಘಟನೆಯ ದಾಖಲೆಗಳನ್ನೂ ಮೂಲ ಆಕರಗಳೆಂದೇ ಓದಬೇಕು.