ರೇಸಿಂಗ್ ಕಾರ್ಟ್‌ಗಳಲ್ಲಿ ಜಿಪಿಎಸ್ ಡೇಟಾ ಲಾಗರ್

ರೇಸಿಂಗ್ ಕಾರ್ಟ್‌ನ ಸ್ಟೀರಿಂಗ್ ಮೇಲೆ ಕೂರಿಸುವ, ಅಂಗೈಯಗಲದ ದಾಖಲೆ ಯಂತ್ರ. ಉಪಗ್ರಹಗಳ ಸಂಕೇತ ಹಿಡಿದು, ಗಾಡಿ ಯಾವ ಕ್ಷಣಕ್ಕೆ ಟ್ರ್ಯಾಕಿನ ಯಾವ ಜಾಗದಲ್ಲಿ, ಎಷ್ಟು ವೇಗದಲ್ಲಿತ್ತು ಎಂಬುದನ್ನು ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಬರೆದಿಡುತ್ತದೆ. ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತಿದ ತಂತಿಯಿಂದ ಇಂಜಿನ್ನಿನ ಆರ್‌ಪಿಎಂ, ಜೊತೆಗೆ ನೀರಿನ ಬಿಸಿ ಕೂಡ ಅದರಲ್ಲೇ ದಾಖಲಾಗುತ್ತವೆ. ಇಟಲಿಯ ಏಮ್ ಕಂಪನಿಯ ಮೈಕ್ರಾನ್, ಬೆಲ್ಜಿಯಂನ ಅಲ್ಫಾನೊ, ಡೆನ್ಮಾರ್ಕಿನ ಯೂನಿಪ್ರೊ ಈ ಕ್ಷೇತ್ರದಲ್ಲಿ ಹೆಸರಾದವು.

ಆರ್ಟ್ ಇಂಗೆಲ್ಸ್ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಕಾರ್ಟ್ ಕಟ್ಟಿದ್ದು 1956ರಲ್ಲಿ. ಬಹುಕಾಲ ಸುತ್ತಿನ ಸಮಯ ಅಳೆಯಲು ಸ್ಟಾಪ್‌ವಾಚೇ ಆಧಾರವಾಗಿತ್ತು. ಆಮೇಲೆ ಟ್ರ್ಯಾಕಿನಡಿ ಹುಗಿದ ಅಯಸ್ಕಾಂತದ ಪಟ್ಟಿಗಳು ಬಂದವು. 2000ದ ಮೇ ತಿಂಗಳವರೆಗೆ ಅಮೆರಿಕ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಸುಮಾರು 100 ಮೀಟರಿನಷ್ಟು ತಪ್ಪುವ ಆ ಲೆಕ್ಕ ಕಿರಿದಾದ ಕಾರ್ಟ್ ಟ್ರ್ಯಾಕಿಗೆ ಉಪಯೋಗಕ್ಕೆ ಬರುವಂತಿರಲಿಲ್ಲ.

ಕರ್ನಾಟಕದಲ್ಲಿ ಕಾರ್ಟ್ ರೇಸಿಂಗಿನ ನೆಲೆ ಬೆಂಗಳೂರು. ನಗರದ ಹೊರವಲಯದ ಮೆಕೊ ಕಾರ್ಟೋಪಿಯಾ ಟ್ರ್ಯಾಕಿನಲ್ಲಿ ರೋಟಾಕ್ಸ್ ಇಂಜಿನ್ ಕಾರ್ಟುಗಳ ರಾಷ್ಟ್ರೀಯ ಸ್ಪರ್ಧೆಯ ಸುತ್ತುಗಳು ನಡೆದಿವೆ. ಫಾರ್ಮುಲಾ 2ರವರೆಗೆ ಏರಿದ ಬೆಂಗಳೂರಿನ ಸಹೋದರರಾದ ಅರ್ಜುನ್ ಮೈನಿ, ಕುಶ್ ಮೈನಿ ಪಳಗಿದ್ದು ಕಾರ್ಟ್‌ನಲ್ಲೇ.

ಲಾಗರಿನ ದಾಖಲೆ ನೋಡುವಾಗ ಹೊಸಬರ ಕಣ್ಣು ಮೊದಲು ಗರಿಷ್ಠ ವೇಗಕ್ಕೆ ಹೋಗುತ್ತದೆ. ಬಲ್ಲವರು ಹುಡುಕುವುದು ತಿರುವಿನ ನಡುವಿನ ಕನಿಷ್ಠ ವೇಗವನ್ನು. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಗಾಲಿ ಒಂದೇ ಅಚ್ಚಿಗೆ ಬಿಗಿದಿರುವುದರಿಂದ, ತಿರುವಿನಲ್ಲಿ ಒಳಬದಿಯ ಹಿಂದಿನ ಗಾಲಿ ತುಸು ನೆಲ ಬಿಟ್ಟು ಏಳಬೇಕು. ಏಳದಿದ್ದರೆ ಎರಡೂ ಗಾಲಿ ಒಂದನ್ನೊಂದು ಜಗ್ಗಿ ವೇಗ ಕುಸಿಯುತ್ತದೆ. ಆಗ ವೇಗದ ಗ್ರಾಫಿನಲ್ಲಿ ಏರಬೇಕಾದ ಗೆರೆ ಮಲಗಿದಂತೆ ಸಾಗುತ್ತದೆ.

ಒಂದು ಸುತ್ತಿನಲ್ಲಿ ಚಾಲಕ ಬ್ರೇಕನ್ನು ತಡವಾಗಿ ಒತ್ತಿದ, ಇನ್ನೊಂದರಲ್ಲಿ 3 ಮೀಟರ್ ಮೊದಲೇ ಒತ್ತಿದ ಎಂದುಕೊಳ್ಳಿ. ಮೈಗೆ ಮೊದಲನೆಯದೇ ಜೋರೆನಿಸುತ್ತದೆ. ಎರಡೂ ಗೆರೆಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ, ಎರಡನೆಯ ಸುತ್ತಿನಲ್ಲಿ ಗಾಡಿ ಬೇಗ ನೆಟ್ಟಗಾಗಿ, ಆಕ್ಸಿಲರೇಟರ್ ಒತ್ತಲು ಮೊದಲೇ ಅವಕಾಶ ಸಿಕ್ಕಿರಬಹುದು. ಮುಂದಿನ 150 ಮೀಟರ್ ನೇರ ಹಾದಿಯನ್ನು ಗಂಟೆಗೆ ಸರಾಸರಿ 72 ಕಿ.ಮೀ. ವೇಗದಲ್ಲಿ ದಾಟಲು 7.5 ಸೆಕೆಂಡು ಬೇಕು, 75 ಕಿ.ಮೀ. ಆದರೆ 7.2 ಸಾಕು. ಈ ಆಟದಲ್ಲಿ 0.3 ಸೆಕೆಂಡು ದೊಡ್ಡ ಗಳಿಕೆ. ಮೈ ಹೇಳುವ ಇಂಥ ಸುಳ್ಳನ್ನು ಹಿಡಿದುಕೊಡುವುದೇ ಲಾಗರಿನ ದೊಡ್ಡ ಉಪಕಾರ.

ಅದರ ಮಿತಿಯೂ ತಿಳಿದಿರಬೇಕು. 100 ಕಿ.ಮೀ. ವೇಗದಲ್ಲಿ ಎರಡು ದಾಖಲೆಗಳ ನಡುವೆ ಗಾಡಿ ಸುಮಾರು 2.8 ಮೀಟರ್ ಓಡಿರುತ್ತದೆ. ನಡುವಿನದನ್ನು ಯಂತ್ರ ಲೆಕ್ಕದಿಂದ ತುಂಬುತ್ತದೆ. ಜಾಗದ ಲೆಕ್ಕ ಮೀಟರುಗಟ್ಟಲೆ ಸರಿಯಬಹುದು. ಸಂಕೇತದ ಕಂಪನಾಂಕ ಬದಲಾಗುವುದನ್ನು ಅಳೆದು ತೆಗೆಯುವ ವೇಗದ ಲೆಕ್ಕವನ್ನು ಹೆಚ್ಚು ನಂಬಬಹುದು. ಜಾಗದ ಲೆಕ್ಕ ಹೀಗೆ ಸರಿಯುವುದರಿಂದ, ಚಾಲಕ ಹಿಡಿದ ದಾರಿ ಒಂದಡಿ ಒಳಗೋ ಹೊರಗೋ ಎಂದು ಇದನ್ನು ನೋಡಿ ವಾದಿಸುವುದು ಸಲ್ಲ.

ಆಕಾಶ ತೆರೆದಿದ್ದಷ್ಟೂ ಲೆಕ್ಕ ಚೊಕ್ಕ. ಕೊಪ್ಪಳ ಜಿಲ್ಲೆಯೊಳಗೇ ಈ ವ್ಯತ್ಯಾಸವನ್ನು ಊಹಿಸಿಕೊಳ್ಳಬಹುದು: ಯಲಬುರ್ಗಾ ಕಡೆಯ ಬಯಲು ಎರೆ ಹೊಲದಲ್ಲಿ ದಿಗಂತದವರೆಗೆ ಉಪಗ್ರಹಗಳಿಗೆ ಅಡ್ಡಿಯಿಲ್ಲ, ಗಂಗಾವತಿ ಹತ್ತಿರದ ಆನೆಗೊಂದಿಯ ಹೆಬ್ಬಂಡೆಗಳ ಸಂದಿಯಲ್ಲಿ ಅರ್ಧ ಆಕಾಶವೇ ಮುಚ್ಚಿ, ಸಂಕೇತ ಕಲ್ಲಿಗೆ ಬಡಿದು ಸುತ್ತಿ ಬರುತ್ತದೆ. ಟ್ರ್ಯಾಕಿನ ಪಕ್ಕದ ಎತ್ತರದ ಕಟ್ಟಡ, ತಗಡಿನ ಚಾವಣಿ ಮಾಡುವುದೂ ಇದನ್ನೇ. ಲಾಗರ್ ಹಚ್ಚಿದ ಕೂಡಲೇ ಟ್ರ್ಯಾಕಿಗಿಳಿಯದೆ, ಅದು ಉಪಗ್ರಹಗಳನ್ನು ಹಿಡಿಯುವವರೆಗೆ ಬಯಲಲ್ಲಿ ಕಾಯಬೇಕು.

ಜಿಪಿಎಸ್‌ನಂತೆಯೇ ಉಪಗ್ರಹಗಳಿಂದ ಸ್ಥಳ ತಿಳಿಸುವ, ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳ ನಿಯಂತ್ರಣ ಹಾಸನದಿಂದ ನಡೆಯುತ್ತದೆ. ಮೊದಲ ನಾವಿಕ್ ಉಪಗ್ರಹಗಳ ತರಂಗಾಂತರವನ್ನು ಸಾಮಾನ್ಯ ಜಿಪಿಎಸ್ ಚಿಪ್‌ಗಳು ಹಿಡಿಯುತ್ತಿರಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹವು ಜಿಪಿಎಸ್ ಬಳಸುವ ಎಲ್1 ಪಟ್ಟಿಯಲ್ಲೂ ಸಂಕೇತ ಕಳಿಸುತ್ತದೆ.

ಸ್ಪರ್ಧೆಯ ಅಧಿಕೃತ ಸಮಯಕ್ಕೆ ಮಾತ್ರ ಲಾಗರ್ ಸಾಕ್ಷಿಯಲ್ಲ. ಅದನ್ನು ಗಾಡಿಗೆ ಕಟ್ಟಿದ ಟ್ರಾನ್ಸ್‌ಪಾಂಡರ್ ಮತ್ತು ಟ್ರ್ಯಾಕಿನಡಿಯ ತಂತಿ ಸುರುಳಿಯೇ ಅಳೆಯುತ್ತವೆ.